ಬಾರದ ಕಫಕ್ಕೆ ಯಾವ ನೆಬ್ಯುಲೈಸರ್?

ಡಬ್ಬಿ ಕೊಟ್ಟು ‘ಬೆಳಿಗ್ಗೆ ಎದ್ದ ಕೂಡಲೇ ಕೆಮ್ಮಿ ಕಫ ಹಿಡಿದು ತನ್ನಿ’ ಎಂದು ಕಳಿಸಿದರೆ ಎಷ್ಟೋ ಮಂದಿ ತರುವುದು ಬರೀ ಎಂಜಲು. ತಪ್ಪು ಅವರದಲ್ಲ. ಒಣಕೆಮ್ಮಿನವರಿಗೆ, ಸೊರಗಿದ ವೃದ್ಧರಿಗೆ, ಎಳೆಯ ಮಕ್ಕಳಿಗೆ ಕಫ ಮೇಲೇರುವುದೇ ಇಲ್ಲ. ಕ್ಷಯ ಪತ್ತೆಗೆ ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ ರೂಪುಗೊಂಡ ಟ್ರೂನ್ಯಾಟ್‌ನಂಥ ಒಳ್ಳೆಯ ಪರೀಕ್ಷೆ ಕೈಯಲ್ಲಿದ್ದರೂ, ಡಬ್ಬಿಯಲ್ಲಿ ಎಂಜಲಿದ್ದರೆ ರೋಗ ಕಣ್ತಪ್ಪಬಹುದು.

ಆಗ ನೆರವಿಗೆ ಬರುವುದು ಉಪ್ಪುನೀರಿನ ಮಂಜು. ಡ್ರಿಪ್‌ಗೆ ಹಾಕುವ ಸಲೈನ್‌ನಲ್ಲಿ ಉಪ್ಪು ಶೇ 0.9, ಇಲ್ಲಿ ಬಳಸುವುದರಲ್ಲಿ ಸಾಮಾನ್ಯವಾಗಿ ಶೇ 3ರಿಂದ 5. ಈ ಉಪ್ಪು ಶ್ವಾಸನಾಳದೊಳಕ್ಕೆ ನೀರನ್ನು ಎಳೆದು ಅಂಟಿದ ಕಫವನ್ನು ಸಡಿಲಿಸುತ್ತದೆ, ಕೆಮ್ಮನ್ನೂ ಕೆರಳಿಸುತ್ತದೆ.

ಮಂಜು ಮಾಡುವ ಯಂತ್ರ ಯಾವುದಿರಬೇಕು? ಮನೆಮನೆಯಲ್ಲಿ ಗುರ‍್ರೆನ್ನುವ ಜೆಟ್ ನೆಬ್ಯುಲೈಸರ್ ಒತ್ತಡದ ಗಾಳಿಯಿಂದ ದ್ರವವನ್ನು ಒಡೆಯುತ್ತದೆ. ಅಲ್ಟ್ರಾಸಾನಿಕ್‌ನಲ್ಲಿ ಸ್ಫಟಿಕವೊಂದು ಸೆಕೆಂಡಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಲ ಕಂಪಿಸಿ ದಟ್ಟ ಮಂಜನ್ನು ಎಬ್ಬಿಸುತ್ತದೆ. ಮೆಶ್ ಯಂತ್ರ ಸದ್ದಿಲ್ಲದ್ದು, ಬ್ಯಾಟರಿಯಲ್ಲೂ ನಡೆಯುವಂಥದ್ದು. ಆದರೆ ತೊಳೆಯುವಲ್ಲಿ ಉದಾಸೀನ ಮಾಡಿದರೆ ಜಾಲರಿಯ ಸೂಕ್ಷ್ಮ ರಂಧ್ರಗಳು ಕಟ್ಟಿಕೊಳ್ಳುತ್ತವೆ, ಬೆಲೆಯೂ ಹೆಚ್ಚು. ಔಷಧ ಕೊಡುವಾಗ ಹನಿಯ ಗಾತ್ರಕ್ಕೇ ಹೆಚ್ಚು ಮಹತ್ವ. ಕಫ ಬರಿಸಬೇಕಾದಾಗ ನಿಮಿಷಕ್ಕೆ ಎಷ್ಟು ದ್ರವ ಮಂಜಾಗುತ್ತದೆ ಎಂಬುದೂ ಅಷ್ಟೇ ಮುಖ್ಯ. ಅಲ್ಲಿ ಅಲ್ಟ್ರಾಸಾನಿಕ್ ಮುಂದು: ನಿಮಿಷಕ್ಕೆ ಸುಮಾರು 1 ಮಿಲಿಲೀಟರ್, ಕೆಲವು ಮಾದರಿಗಳಲ್ಲಿ ಇನ್ನೂ ಹೆಚ್ಚು. ಸಾಮಾನ್ಯ ಜೆಟ್‌ನದು ಅದರ ಅರ್ಧವೂ ಆಗದಿರಬಹುದು.

ಹಾಗೆಂದು ಜೆಟ್ ಅನ್ನು ತಳ್ಳಿಹಾಕುವುದು ಅನ್ಯಾಯ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಕ್ಷಯದ ಶಂಕೆಯಿದ್ದ 250 ಎಳೆಯ ಮಕ್ಕಳ ಮೇಲೆ ನಡೆದ ಅಧ್ಯಯನ 2005ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ಶೇ 5ರ ಉಪ್ಪುನೀರಿನ ಜೆಟ್ ಮಂಜು ಕೊಟ್ಟು ಒಮ್ಮೆ ತೆಗೆದ ಕಫ, ನುಂಗಿದ ಕಫಕ್ಕಾಗಿ ಮೂಗಿನ ನಳಿಕೆಯಿಂದ ಮೂರು ಸಲ ಹೊಟ್ಟೆ ತೊಳೆದು ತೆಗೆದ ಮಾದರಿಗಳಿಗೆ ಸಾಟಿಯಾಯಿತು. ಹಸಿದ ಹೊಟ್ಟೆಯ ಕೂಸಿಗೆ ಮೂರು ಬೆಳಗು ನಳಿಕೆ ಇಳಿಸುವ ಸಂಕಟ ತಾಯಂದಿರಿಗೆ ಗೊತ್ತು. ಅಲ್ಲಿ ಗೆದ್ದದ್ದು ಸಾದಾ ಯಂತ್ರ, ಪಳಗಿದ ಕೈ. ತಾಲ್ಲೂಕು ಆಸ್ಪತ್ರೆಯಲ್ಲಿ ಜೆಟ್ ಇದ್ದರೆ, ದುಬಾರಿ ಯಂತ್ರ ಬರಲೆಂದು ಕಾಯುವ ಬದಲು ಸಿಬ್ಬಂದಿಗೆ ತರಬೇತಿ ಕೊಡುವುದೇ ಮೇಲು ಎಂದು ನನ್ನ ನಂಬಿಕೆ.

ದಟ್ಟ ಮಂಜಿಗೆ ಅದರದೇ ಅಪಾಯವಿದೆ. ಉಬ್ಬಸದವರ, ಸಿಒಪಿಡಿ ಇರುವವರ ಶ್ವಾಸನಾಳವನ್ನು ಉಪ್ಪು ಬಿಗಿಸಬಲ್ಲದು. ಅದಕ್ಕೇ ಮೊದಲು ಶ್ವಾಸನಾಳ ಸಡಿಲಿಸುವ ಸಾಲ್ಬುಟಮಾಲ್. ನಡುನಡುವೆ ಊದಿಸಿ ಅಳೆಯುವುದು. ಮೊದಲ ಸೆಕೆಂಡಿನ ಉಸಿರು ಶೇ 20ರಷ್ಟು ಕುಸಿದರೆ ಅಲ್ಲಿಗೇ ನಿಲ್ಲಿಸುವುದು. ಯಂತ್ರ ಯಾವುದಾದರೂ, ಕೆಮ್ಮಿಸುವ ಕೋಣೆಯ ಗಾಳಿ ನೇರ ಹೊರಗೆ ಹೋಗಬೇಕು, ಜೊತೆಗಿರುವ ನರ್ಸ್ ಮುಖಕ್ಕೆ ಎನ್‌95 ಇರಬೇಕು. ಖರೀದಿಯ ಪಟ್ಟಿಯಲ್ಲಿ ನೆಬ್ಯುಲೈಸರ್ ಬರೆಯುವವರು ಈ ಮಾಸ್ಕನ್ನೂ ಉಸಿರು ಅಳೆಯುವ ಉಪಕರಣವನ್ನೂ ಅದೇ ಸಾಲಿಗೆ ಸೇರಿಸಲಿ.