ಎಷ್ಟು ಸುಟ್ಟರೂ ಹೋಗದ ಕೊಂಬು

“ಅಜ್ಜನ ಕಾಲದಿಂದಲೂ ಕರುಗಳ ಕೊಂಬಿನ ಮೊಳಕೆ ಸುಡಿಸುತ್ತಲೇ ಬಂದಿದ್ದೇವೆ. ಇನ್ನೆಷ್ಟು ಸೂಲು ಹೀಗೆ ಸುಡಿಸಿದರೆ ಕೊಂಬಿಲ್ಲದ ಕರು ಹುಟ್ಟುತ್ತದೆ?” ಎಂದು ಹೈನುಗಾರಿಕೆ ಮಾಡುವ ಓದುಗರೊಬ್ಬರು ಕೇಳಿದ್ದಾರೆ. ಎಷ್ಟು ಸುಡಿಸಿದರೂ ಹುಟ್ಟುವುದಿಲ್ಲ! ತಲತಲಾಂತರದಿಂದ ಕಿವಿ ಚುಚ್ಚಿಸಿಕೊಳ್ಳುತ್ತಿದ್ದೇವೆ, ತೂತು ಬಿದ್ದ ಕಿವಿಯ ಕೂಸು ಒಂದಾದರೂ ಹುಟ್ಟಿದೆಯೇ? ಮೈಗಾದ ಗಾಯ ವಂಶವಾಹಿಗೆ ಇಳಿಯುವುದಿಲ್ಲ. ಆದರೆ ಹುಟ್ಟಿನಿಂದಲೇ ಕೊಂಬಿಲ್ಲದ ದನಗಳಿವೆ. ಅವುಗಳ ಕಥೆ ಬಲು ಸ್ವಾರಸ್ಯದ್ದು.

ಮೊದಲು ಕೊಂಬು ಎಲ್ಲಿಂದ ಬರುತ್ತದೆ ನೋಡೋಣ. ತಲೆಬುರುಡೆಯಿಂದ ಎಂದು ಹೆಚ್ಚಿನವರು ನಂಬಿದ್ದಾರೆ. ಎಳೆಗರುವಿನ ನೆತ್ತಿಯ ಪಕ್ಕದ ಕೂದಲು ಸರಿಸಿ, ಸಿಗುವ ಪುಟ್ಟ ಗಂಟನ್ನು ಬೆರಳಿನಿಂದ ಮೆಲ್ಲಗೆ ತಳ್ಳಿ. ಚರ್ಮದ ಜೊತೆ ಅದೂ ಅತ್ತಿತ್ತ ಜಾರುತ್ತದೆ. ಸುಮಾರು ಎರಡು ತಿಂಗಳವರೆಗೆ ಅದಕ್ಕೆ ಬುರುಡೆಯ ನಂಟೇ ಇರುವುದಿಲ್ಲ, ಆಮೇಲೆ ಬೆಸೆದುಕೊಳ್ಳುತ್ತದೆ. (ಸುಡಿಸುವುದಿದ್ದರೆ ಅದಕ್ಕೂ ಮೊದಲೇ, ಮರಗಟ್ಟಿಸುವ ಇಂಜೆಕ್ಷನ್ ಕೊಡಿಸಿಯೇ ಸುಡಿಸಿ.) 1933ರಲ್ಲಿ ಅಮೆರಿಕದ ಮೇನ್ ವಿಶ್ವವಿದ್ಯಾಲಯದ ಫ್ರಾಂಕ್ಲಿನ್ ಡವ್ ಇದನ್ನು ಬೆರಗಾಗುವಂತೆ ತೋರಿಸಿದರು. ಹುಟ್ಟಿ ಒಂದು ದಿನವಾಗಿದ್ದ ಐರ್‌ಶೈರ್ ಗಂಡುಗರುವಿನ ಎರಡೂ ಮೊಳಕೆಗಳನ್ನು ಬಿಡಿಸಿ, ಹಣೆಯ ನಟ್ಟನಡುವೆ ಅಕ್ಕಪಕ್ಕ ಕೂರಿಸಿದರು. ಎರಡೂ ಕೂಡಿಕೊಂಡು ಅಲ್ಲಿಯೇ ಬುರುಡೆಗೆ ಬೇರೂರಿ, ಒಂದೇ ಕೊಂಬಾಗಿ ನೆಟ್ಟಗೆ ಬೆಳೆದವು. ಕಥೆಗಳಲ್ಲಿ ಮಾತ್ರ ಇದ್ದ ಒಂಟಿಕೊಂಬಿನ ಪ್ರಾಣಿ ಹಟ್ಟಿಯಲ್ಲಿ ಎದ್ದು ನಿಂತಿತು! ಆ ಹೋರಿ ಬೇಲಿಯಡಿ ನುಸುಳಲು ಕೊಂಬನ್ನು ಬಳಸುತ್ತಿತ್ತು, ಮಂದೆಗೆ ಮುಂದಾಳಾಗಿತ್ತು ಎಂದು ಡವ್ ಬರೆದಿದ್ದಾರೆ. ಹಣೆಯ ಮೂಳೆ ತಾನಾಗಿ ಕೊಂಬು ಬೆಳೆಸುವುದಿಲ್ಲ, ಮೊಳಕೆ ಬಂದು ಕುಳಿತಾಗ ಅದಕ್ಕೆ ನೆಲೆ ಕೊಡುತ್ತದೆ, ಅಷ್ಟೇ.

ಈ ಮೊಳಕೆಯೇ ಏಳದಂತೆ ಮಾಡುವ ವ್ಯತ್ಯಾಸ ಇರುವುದು ದನದ ಒಂದನೆಯ ವರ್ಣತಂತುವಿನಲ್ಲಿ. ಆಂಗಸ್, ಹೆರಿಫರ್ಡ್‌ನಂಥ ಮಾಂಸದ ತಳಿಗಳಲ್ಲಿ ಡಿಎನ್‌ಎಯ 212 ಅಕ್ಷರಗಳ ತುಂಡೊಂದು ಎರಡು ಸಲ ಬಂದಿದೆ, ಅದರ ಬದಲಿಗೆ 10 ಅಕ್ಷರ ಬಿಟ್ಟುಹೋಗಿದೆ. ಹಾಲಿನ ಹೋಲ್‌ಸ್ಟೀನ್‌ನಲ್ಲಿ ಬೇರೆಯದೇ ಮಾರ್ಪಾಡು, ಸುಮಾರು 80 ಸಾವಿರ ಅಕ್ಷರಗಳ ನಕಲು. ಮಂಗೋಲಿಯಾದ ದನಗಳಲ್ಲಿ ಇನ್ನೊಂದಿದೆ, ಅದು ಅಲ್ಲಿನ ಯಾಕ್‌ಗಳಿಗೂ ದಾಟಿದೆ. ನಮ್ಮ ಒಂಗೋಲ್ ದನಗಳ ಸಂತತಿಯಾದ ಬ್ರೆಜಿಲ್‌ನ ನೆಲ್ಲೋರ್ ತಳಿಯಲ್ಲೂ ಬೇರೊಂದು ಸಿಕ್ಕಿದೆ. ಬೇರೆಬೇರೆ ಕಡೆ, ಬೇರೆಬೇರೆ ಸಲ ಪ್ರಕೃತಿ ಅದೇ ಜಾಗಕ್ಕೆ ಕೈಹಾಕಿದೆ. ನನಗೆ ಇದಕ್ಕಿಂತ ಸೊಗಸಾದ ಸಂಗತಿ ಈ ವಿಷಯದಲ್ಲಿ ಮತ್ತೊಂದಿಲ್ಲ.

ಮೂಲದಲ್ಲಿ ಕೊಂಬಿದ್ದ ಹೆರಿಫರ್ಡ್ ತಳಿಯಲ್ಲಿ ಕೊಂಬಿಲ್ಲದ್ದನ್ನು ಹಟ ಹಿಡಿದು ಹುಡುಕಿದವರು ಅಮೆರಿಕದ ಐಯೊವಾದ ವಾರನ್ ಗ್ಯಾಮನ್. ಕೊಂಬಿನ ತಿವಿತದಿಂದ ಸಾಗಣೆಯಲ್ಲಿ ದನಗಳಿಗೆ ಗಾಯ, ಮಾಂಸಕ್ಕೆ ನಷ್ಟ. ಕೊಂಬು ಕತ್ತರಿಸಿದರೆ ನೋವು. 1901ರಲ್ಲಿ ಅವರು ಸುಮಾರು 2,500 ಸಾಕಣೆಗಾರರಿಗೆ ಪತ್ರ ಬರೆದು, ನಿಮ್ಮಲ್ಲಿ ಹುಟ್ಟಾ ಕೊಂಬಿಲ್ಲದ ಶುದ್ಧ ಹೆರಿಫರ್ಡ್ ಇದೆಯೇ ಎಂದು ಕೇಳಿದರು. ಕೊನೆಗೆ ಕೈಸೇರಿದ್ದು ನಾಲ್ಕು ಹೋರಿ, ಏಳು ಹಸು. ಅಷ್ಟರಿಂದಲೇ ಕೊಂಬಿಲ್ಲದ ಹೆರಿಫರ್ಡ್ ಸಂತತಿ ಕಟ್ಟಿದರು.

ಅದು ಕೈಗೂಡಿದ್ದಕ್ಕೆ ಕಾರಣವಿದೆ. ಕೊಂಬಿಲ್ಲದ ಗುಣ ಪ್ರಬಲ. ತಂದೆ, ತಾಯಿ ಇಬ್ಬರಲ್ಲಿ ಒಬ್ಬರಿಂದ ಬಂದರೂ ಸಾಕು, ಕರು ಬೋಳು. ಇಲ್ಲಿಯೇ ಹೊಸಬರು ಎಡವುವುದು. ಹೋರಿಯ ತಲೆ ಬೋಳಾಗಿದ್ದರೆ ಕರುಗಳೆಲ್ಲ ಬೋಳು ಎಂದುಕೊಳ್ಳುತ್ತಾರೆ. ವಂಶವಾಹಿಯ ಜೋಡಿಯಲ್ಲಿ ಈ ಗುಣದ ಒಂದೇ ಪ್ರತಿ ಇದ್ದ ಹೋರಿಯನ್ನು ಕೊಂಬಿನ ಹಸುಗಳಿಗೆ ಬಿಟ್ಟರೆ ಹೆಚ್ಚುಕಡಿಮೆ ಅರ್ಧ ಕರುಗಳಿಗೆ ಕೊಂಬು ಬಂದೇ ಬರುತ್ತದೆ. ಎರಡೂ ಪ್ರತಿ ಇದ್ದರಷ್ಟೇ ಎಲ್ಲವೂ ಬೋಳು. ಹೋರಿಯನ್ನು ನೋಡಿದರೆ ಇದು ಗೊತ್ತಾಗದು. ಬಾಲದ ಕೂದಲನ್ನು ಬೇರುಸಮೇತ ಕಿತ್ತು ಲ್ಯಾಬಿಗೆ ಕಳಿಸಿದರೆ ಗೊತ್ತಾಗುತ್ತದೆ.

ಹಾಗಾದರೆ ಎಲ್ಲರೂ ಎರಡು ಪ್ರತಿಯ ಹೋರಿಯನ್ನೇ ತಂದರಾಯಿತಲ್ಲ? ಇಲ್ಲಿ ನಾನು ಅವಸರದವರ ಪಕ್ಷವಲ್ಲ. ಇರುವ ಬೆರಳೆಣಿಕೆಯ ಬೋಳು ಹೋರಿಗಳ ಹಿಂದೆ ಎಲ್ಲರೂ ಬಿದ್ದರೆ ಕೆಲವೇ ತಲೆಮಾರಿನಲ್ಲಿ ಹಿಂಡೆಲ್ಲ ರಕ್ತಸಂಬಂಧಿಗಳಾಗುತ್ತವೆ. ಬೆಳವಣಿಗೆ, ಸಲೀಸಾದ ಹೆರಿಗೆ, ಸಾಧು ಸ್ವಭಾವ ಇವುಗಳಲ್ಲಿ ಮೇಲಾದ ಕೊಂಬಿನ ಹೋರಿಯನ್ನು ತಲೆ ನೋಡಿ ಬಿಡುವುದು ನಷ್ಟದ ಬಾಬತ್ತು. ಅದನ್ನು ಬೋಳು ಹಸುಗಳ ಜೊತೆ ಕೂಡಿಸಿ, ನಿಧಾನವಾಗಿ ಎರಡೂ ಗುಣ ಸೇರಿಸುವುದೇ ಜಾಣತನ. 2015ರಲ್ಲಿ ಅಮೆರಿಕದಲ್ಲಿ ಜೀನ್ ತಿದ್ದಿ ಎರಡು ಬೋಳು ಹೋಲ್‌ಸ್ಟೀನ್ ಗಂಡುಗರು ಹುಟ್ಟಿಸಿದ್ದರು. ಅವುಗಳ ಡಿಎನ್‌ಎಯಲ್ಲಿ ಬ್ಯಾಕ್ಟೀರಿಯಾದ ತುಂಡೂ ಸೇರಿಕೊಂಡಿದೆ ಎಂದು 2019ರಲ್ಲಿ ಬಯಲಾಯಿತು. ಅಡ್ಡದಾರಿಗೂ ಅದರದೇ ತೊಡಕುಗಳು.

ಹಳ್ಳಿಕಾರ್, ಅಮೃತಮಹಲ್ ತಳಿಗಳಿಗೆ ಈ ಯೋಚನೆಯೇ ಬೇಡ. ಹಿಂದಕ್ಕೆ ಬಾಗಿ ಏರುವ ನೀಳ ಕೊಂಬು ಅವುಗಳ ತಳಿಗುರುತು. ಮಿಶ್ರತಳಿಯ ಕೊಟ್ಟಿಗೆಯಲ್ಲಿ ಬೋಳು ಕರು ಹುಟ್ಟಿದರೆ ಮಾತ್ರ ಅಪಶಕುನ, ಶಾಂತಿ ಎಂದು ಯಾರಾದರೂ ಹೆದರಿಸಿದರೆ ಗದರಿಸಿ ಕಳಿಸಿ. ಕೃತಕ ಗರ್ಭಧಾರಣೆ ಮಾಡಿದವರ ಬಳಿ ವೀರ್ಯ ನಳಿಕೆಯ ನಂಬರ್ ಕೇಳಿ. ತಾಯಿಗೆ ಕೊಂಬಿದ್ದರೆ, ಬೋಳುತಲೆಯ ಅಪ್ಪ ಅಲ್ಲೇ ಸಿಗುತ್ತಾನೆ.