ನಿಮಗಿದು ಗೊತ್ತೆ? ತಲೆಗೆ ಪೆಟ್ಟಾದಾಗ ಒತ್ತಡದ ಹಾರ್ಮೋನು ಏನು ಮಾಡುತ್ತದೆ?

ಕಮತಗಿಯಿಂದ ಹುನಗುಂದಕ್ಕೆ ಹೊರಟವರು ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಯಿತೆನ್ನಿ. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕೂಡಲೇ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನು ರಕ್ತಕ್ಕೆ ಸುರಿಯುತ್ತವೆ.

ಮಿದುಳಿನಲ್ಲಿ ಅದನ್ನು ಹಿಡಿದುಕೊಳ್ಳುವ ಗ್ರಾಹಕಗಳು ಎರಡು ಬಗೆ. ಮಿನರಲೊಕಾರ್ಟಿಕಾಯ್ಡ್ ಗ್ರಾಹಕಕ್ಕೆ ಈ ಹಾರ್ಮೋನಿನ ಸೆಳೆತ ಸುಮಾರು 10 ಪಟ್ಟು ಹೆಚ್ಚು; ನೆಮ್ಮದಿಯ ಹೊತ್ತಿನಲ್ಲೂ ಅದು ಬಹುಪಾಲು ತುಂಬಿರುತ್ತದೆ. ಗ್ಲುಕೊಕಾರ್ಟಿಕಾಯ್ಡ್ ಗ್ರಾಹಕ ತುಂಬುವುದು ಹಾರ್ಮೋನು ಉಕ್ಕಿದಾಗ. ಎರಡೂ ದಟ್ಟವಾಗಿರುವುದು ನೆನಪಿನ ಕೆಲಸ ನೋಡುವ ಹಿಪೊಕ್ಯಾಂಪಸ್‌ನಲ್ಲಿ. ಪೆಟ್ಟು ಬಿದ್ದ ಇಲಿಗಳಲ್ಲಿ ಮೊದಲನೆಯದು ನರಕೋಶಗಳನ್ನು ಉಳಿಸಲು ನೆರವಾಗುತ್ತದೆ. ಎರಡನೆಯದು ಮಿತಿಮೀರಿ ಕೆರಳಿದರೆ ಕೋಶಗಳು ಸಾಯುತ್ತವೆ.

ಮಿದುಳಿನ ಬಾವು ಇಳಿಯಲೆಂದು ದಶಕಗಳ ಕಾಲ ವೈದ್ಯರು ಸ್ಟಿರಾಯ್ಡ್ ಕೊಡುತ್ತಿದ್ದರು. ಅದೂ ಮುಖ್ಯವಾಗಿ ಕೆರಳಿಸುವುದು ಈ ಎರಡನೆಯ ಗ್ರಾಹಕವನ್ನೇ. 10,008 ಗಾಯಾಳುಗಳನ್ನು ಒಳಗೊಂಡ ‘ಕ್ರ್ಯಾಶ್’ ಪರೀಕ್ಷೆಯ ಫಲಿತಾಂಶ 2004ರಲ್ಲಿ ಬಂತು: ಎರಡು ವಾರದೊಳಗೆ ಸತ್ತವರು ಸ್ಟಿರಾಯ್ಡ್ ಪಡೆದವರಲ್ಲಿ ಶೇ 21.1, ಪಡೆಯದವರಲ್ಲಿ ಶೇ 17.9. ಎಷ್ಟೊಂದು ಜೀವಗಳ ಲೆಕ್ಕವಿದು! ತಲೆಪೆಟ್ಟಿಗೆ ಆ ಚಿಕಿತ್ಸೆ ಈಗ ಸಲ್ಲದು.

ಇದಕ್ಕೆ ತದ್ವಿರುದ್ಧವೂ ಉಂಟು. ಅಡ್ರಿನಲ್‌ಗಳಿಗೆ ಅಪ್ಪಣೆ ಕೊಡುವ, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಪೆಟ್ಟಿನಿಂದ ಘಾಸಿಗೊಂಡರೆ ಕಾರ್ಟಿಸಾಲ್ ಕುಸಿಯಬಹುದು. ಅಂಥವರಿಗೆ ಹಾರ್ಮೋನನ್ನು ಹೊರಗಿನಿಂದ ಕೊಡಲೇಬೇಕು. ಗಾಯ ಮಾಯ್ದು ತಿಂಗಳುಗಳಾದರೂ ವಿಪರೀತ ಸುಸ್ತು, ತಲೆಸುತ್ತು, ರಕ್ತದೊತ್ತಡ ಇಳಿಕೆ ಕಾಡುತ್ತಿದ್ದರೆ ವೈದ್ಯರಿಗೆ ಹಳೆಯ ಪೆಟ್ಟಿನ ವಿಷಯ ಹೇಳಿ, ಬೆಳಗಿನ ಕಾರ್ಟಿಸಾಲ್ ರಕ್ತಪರೀಕ್ಷೆ ಬೇಕೇ ಎಂದು ಕೇಳಿ.