ರಾಷ್ಟ್ರೀಯ ಕೈಗಾರಿಕಾ ವರ್ಗೀಕರಣ

ರಾಷ್ಟ್ರೀಯ ಕೈಗಾರಿಕಾ ವರ್ಗೀಕರಣವು ಭಾರತದ ಆರ್ಥಿಕ ಚಟುವಟಿಕೆಗಳನ್ನು ಅವುಗಳ ಸ್ವರೂಪಕ್ಕನುಗುಣವಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಸಂಕೇತಸಂಖ್ಯೆಯನ್ನು ನೀಡುವ ಪದ್ಧತಿಯಾಗಿದೆ. ಇದನ್ನು ಎನ್‌ಐಸಿ ಎಂದೂ ಕರೆಯುತ್ತಾರೆ. ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆಯಲ್ಲಿಯೂ ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ ನೋಂದಣಿಯಲ್ಲಿಯೂ ಈ ಸಂಖ್ಯೆಗಳು ಬಳಕೆಯಲ್ಲಿವೆ.

ಇತಿಹಾಸ

ವಿಶ್ವಸಂಸ್ಥೆಯು 1948ರಲ್ಲಿ ಅಂತರರಾಷ್ಟ್ರೀಯ ಕೈಗಾರಿಕಾ ವರ್ಗೀಕರಣವೊಂದನ್ನು ರೂಪಿಸಿತು. ಭಾರತದಲ್ಲಿ 1962ರಲ್ಲಿ ಇಂತಹ ವರ್ಗೀಕರಣವು ಸಿದ್ಧವಾಯಿತು. ಬಳಿಕ 1970, 1987, 1998, 2004 ಮತ್ತು 2008ರ ಆವೃತ್ತಿಗಳು ಬಂದವು. 2008ರ ಆವೃತ್ತಿಯು ವಿಶ್ವಸಂಸ್ಥೆಯ ವರ್ಗೀಕರಣದ ನಾಲ್ಕನೆಯ ಪರಿಷ್ಕರಣೆಯನ್ನು ಆಧರಿಸಿದೆ.

ರಚನೆ

2008ರ ಆವೃತ್ತಿಯಲ್ಲಿ 21 ವಿಭಾಗಗಳು, 88 ಉಪವಿಭಾಗಗಳು, 238 ಗುಂಪುಗಳು, 403 ವರ್ಗಗಳು ಹಾಗೂ 1304 ಉಪವರ್ಗಗಳಿವೆ. ವಿಭಾಗವನ್ನು ಇಂಗ್ಲಿಷ್ ಅಕ್ಷರದಿಂದಲೂ, ಉಪವಿಭಾಗದಿಂದ ಉಪವರ್ಗದವರೆಗಿನ ಹಂತಗಳನ್ನು ಕ್ರಮವಾಗಿ ಎರಡರಿಂದ ಐದು ಅಂಕೆಗಳಿಂದಲೂ ಸೂಚಿಸಲಾಗುತ್ತದೆ. ತಯಾರಿಕೆಯು ‘ಸಿ’ ವಿಭಾಗಕ್ಕೆ ಸೇರಿದ್ದು, 10ರಿಂದ 33ರವರೆಗಿನ ಉಪವಿಭಾಗಗಳನ್ನು ಒಳಗೊಂಡಿದೆ.

ಉದಾಹರಣೆ

ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ಹಿರೀಸಾವೆ ಪ್ರದೇಶವು ತೆಂಗು ಬೆಳೆಯುವ ಸೀಮೆ. ತೆಂಗು ಒಂದೇ ಆದರೂ ಅದನ್ನು ಅವಲಂಬಿಸಿದ ಕಸುಬುಗಳ ಸಂಖ್ಯೆಗಳು ಬೇರೆಬೇರೆ. ತೆಂಗು ಬೆಳೆಯುವುದು ಕೃಷಿಯಾದ್ದರಿಂದ 0126ನೆಯ ವರ್ಗಕ್ಕೆ ಸೇರುತ್ತದೆ. ಕೊಬ್ಬರಿಯಿಂದ ಎಣ್ಣೆ ತೆಗೆಯುವುದು 1040ಕ್ಕೂ, ಹಗ್ಗ ಹೊಸೆಯುವುದು 1394ಕ್ಕೂ ಸೇರುತ್ತವೆ. 1394ರಲ್ಲಿ 13 ಎಂಬುದು ಜವಳಿಯನ್ನು, 139 ಎಂಬುದು ಇತರ ಜವಳಿ ಪದಾರ್ಥಗಳನ್ನು, ಕೊನೆಯ ಅಂಕೆಯೂ ಸೇರಿದಾಗ ಹಗ್ಗ, ಹುರಿ ಮತ್ತು ಬಲೆಗಳ ತಯಾರಿಕೆಯನ್ನು ಸೂಚಿಸುತ್ತದೆ. ಸಿದ್ಧ ಹಗ್ಗವನ್ನು ಕೊಂಡು ಮಾರುವುದು ತಯಾರಿಕೆಯಲ್ಲ. ಅದು ಸಗಟು ಅಥವಾ ಚಿಲ್ಲರೆ ವ್ಯಾಪಾರ.

ನಿರ್ಣಯದ ತತ್ತ್ವಗಳು

ವರ್ಗೀಕರಣಕ್ಕೆ ಚಟುವಟಿಕೆಯೇ ಆಧಾರ, ಒಡೆತನವಲ್ಲ. ಕೆಲಸವು ಕೈಯಿಂದ ನಡೆಯಲಿ ಯಂತ್ರದಿಂದ ನಡೆಯಲಿ, ಮನೆಯಲ್ಲಾಗಲಿ ಕಾರ್ಖಾನೆಯಲ್ಲಾಗಲಿ, ಅದು ತಯಾರಿಕೆಯೆಂದೇ ಪರಿಗಣಿತವಾಗುತ್ತದೆ. ಆದುದರಿಂದ ಜಗಲಿಯ ಮೇಲೆ ಹಗ್ಗ ಹೊಸೆಯುವವರೂ ಯಂತ್ರವಿಟ್ಟು ಹೊಸೆಯುವವರೂ ಒಂದೇ ವರ್ಗದವರು. ಒಂದು ಘಟಕದಲ್ಲಿ ಹಲವು ಕೆಲಸಗಳು ನಡೆದರೆ, ಅತಿ ಹೆಚ್ಚು ಮೌಲ್ಯವನ್ನು ಸೇರಿಸುವ ಕೆಲಸವೇ ಪ್ರಧಾನ ಚಟುವಟಿಕೆ.

ಮಹತ್ವ

2020ರ ಜುಲೈ 1ರಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿಯಲ್ಲಿ ಐದಂಕಿಯ ಸಂಖ್ಯೆಯನ್ನು ನಮೂದಿಸಬೇಕು. ಒಂದಕ್ಕಿಂತ ಹೆಚ್ಚು ಸಂಖ್ಯೆಗಳಿಗೂ ಅವಕಾಶವಿದೆ. 2021ರ ಜುಲೈಯಲ್ಲಿ ವ್ಯಾಪಾರಿಗಳಿಗೂ ಈ ನೋಂದಣಿ ತೆರೆಯಿತಾದರೂ, ಅವರಿಗೆ ದೊರೆತ ಸೌಲಭ್ಯವು ಆದ್ಯತಾ ವಲಯದ ಸಾಲಕ್ಕೆ ಸೀಮಿತವಾಗಿತ್ತು. ಹೀಗಾಗಿ ತಯಾರಕರು ತಮ್ಮ ಕಸುಬಿಗೆ ವ್ಯಾಪಾರದ ಸಂಖ್ಯೆಯನ್ನು ನಮೂದಿಸಿದರೆ, ತಯಾರಕರಿಗಿರುವ ಇತರ ಸೌಲಭ್ಯಗಳು ಅವರ ಕೈತಪ್ಪಬಹುದು. ಅವರ ದುಡಿಮೆಯೂ ತಯಾರಿಕೆಯ ಲೆಕ್ಕದಿಂದ ಹೊರಗುಳಿಯುತ್ತದೆ.